ಗುಳೆ ಹೋದವರಿಗೂ ಒಂದು ಹಾಜರಿ ಪುಸ್ತಕ ಬೇಕು: ದಾವಣಗೆರೆ ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ,

ನಮಸ್ಕಾರಗಳು.

ನಾನು ಜಗಳೂರು ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 29 ವರ್ಷ ಪಾಠ ಹೇಳಿ ನಿವೃತ್ತಳಾದವಳು. ಸೇವೆಯಲ್ಲಿದ್ದಾಗ ಹೀಗೆ ಊರೆಲ್ಲ ಓದುವಂತೆ ಪತ್ರ ಬರೆಯಲು ನಿಯಮ ಅಡ್ಡ ಬರುತ್ತಿತ್ತು. ಈಗ ಆ ಕಟ್ಟುಪಾಡು ಕಳೆದಿದೆ. ಗುಳೆ ಹೋಗುವವರ, ಅಂದರೆ ಕೂಲಿ ಹುಡುಕಿಕೊಂಡು ಊರು ಬಿಡುವವರ ಬಗ್ಗೆ ಬಹಳ ದಿನದಿಂದ ಎದೆಯಲ್ಲಿ ಕೂತಿರುವ ಮಾತನ್ನು ಹೇಳಿಬಿಡುತ್ತೇನೆ.

ನನ್ನ ಮೇಜಿನ ಮೇಲೆ 200 ಪುಟದ ಒಂದು ನೋಟ್‌ಬುಕ್ ಇದೆ. ಶಾಲೆಯ ಹಾಜರಿ ಪುಸ್ತಕ ಶಾಲೆಯದು, ಮನೆಗೆ ತರುವ ಹಾಗಿಲ್ಲ. ಹಾಗಾಗಿ ಸೇವೆಯ ಕೊನೆಯ ಆರು ವರ್ಷ, ಯಾವ ಮಗು ಯಾವ ದಿನದಿಂದ ಬರಲಿಲ್ಲ, ಎಂದು ತಿರುಗಿ ಬಂತು ಎನ್ನುವುದನ್ನು ತಿಂಗಳ ಕೊನೆಗೊಮ್ಮೆ ಕೂತು ಇದರಲ್ಲಿ ಬರೆದಿಟ್ಟುಕೊಂಡೆ. ದೀಪಾವಳಿ ಮುಗಿದು, ಮೆಕ್ಕೆಜೋಳ ಒಕ್ಕಿ, ಬಂದ ದುಡ್ಡು ಗೊಬ್ಬರದ ಅಂಗಡಿಯ ಬಾಕಿಗೆ ಹೋದ ಮೇಲೆ ಹೆಸರುಗಳ ಮುಂದೆ 'ಗೈ', ಅಂದರೆ ಗೈರುಹಾಜರಿ, ಬೀಳಲು ಶುರುವಾಗುತ್ತದೆ. ಮೊದಲ ವಾರ ಒಂದೆರಡು ಮಕ್ಕಳು, ಆಮೇಲೆ ಒಂದು ಓಣಿಯ ಮಕ್ಕಳೆಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಂತೂ ದಸರಾ ರಜೆ ಕಳೆದು ಶಾಲೆ ತೆರೆದ ದಿನವೇ ಅರ್ಧ ಕೋಣೆ ಖಾಲಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತಲ್ಲ, ಆ ವರ್ಷದ ಪುಟಗಳನ್ನು ತೆರೆದರೆ ಯುಗಾದಿಯ ತನಕ ಒಂದೇ ಅಕ್ಷರದ ಸಾಲು ಕಾಣುತ್ತದೆ.

ಎಂಟು ವರ್ಷದ ಹುಡುಗಿ ತಾನಾಗಿ ಬೆಂಗಳೂರಿಗೆ ಹೋಗುವುದಿಲ್ಲ. ಪ್ರತಿಯೊಂದು 'ಗೈ' ಹಿಂದೆ ಒಬ್ಬ ಅಪ್ಪ, ಒಬ್ಬ ಅಮ್ಮ, ಬೀಗ ಹಾಕಿದ ಒಂದು ಮನೆ, ಆ ಮನೆಯ ಜಗುಲಿಯ ಮೇಲೆ ಒಬ್ಬ ಮುದುಕಿ ಇದ್ದಾರೆ. ನಮ್ಮ ಊರಿನ ಮಟ್ಟಿಗೆ ಗುಳೆಯ ಲೆಕ್ಕ ಬರೆದಿಟ್ಟ ಸರ್ಕಾರಿ ಪುಸ್ತಕವೆಂದರೆ ಈ ಮಕ್ಕಳ ಹಾಜರಿ ಪುಸ್ತಕ ಒಂದೇ. ದೊಡ್ಡವರು ಯಾರ ಪುಸ್ತಕದಲ್ಲೂ ಇಲ್ಲ. ಎಷ್ಟು ಜನ ಹೋದರು, ಎಲ್ಲಿಗೆ, ಯಾವ ಮೇಸ್ತ್ರಿಯ ಹಿಂದೆ, ಎಷ್ಟು ಮುಂಗಡ ಪಡೆದು ಎನ್ನುವುದನ್ನು ತಹಶೀಲ್ದಾರರನ್ನು ಕೇಳಿದರೂ ಪಂಚಾಯಿತಿಯನ್ನು ಕೇಳಿದರೂ ಕೈಗೆ ಸಿಗುವ ಒಂದು ಹಾಳೆ ಇಲ್ಲ. ನಾನು ತಮ್ಮಲ್ಲಿ ಕೇಳಲು ಹೊರಟಿರುವುದು ಆ ಒಂದು ಹಾಳೆಯನ್ನು.

ಇದು ನನಗೆ ಇಷ್ಟು ಯಾಕೆ ಮುಖ್ಯ ಎಂದು ಹೇಳಲು ನನ್ನ ತಂದೆಯ ವಿಚಾರಕ್ಕೆ ಬರಬೇಕು. ಅಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲುವ ವಿಭಾಗದಲ್ಲಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಈ ಊರನ್ನು ಕರೆಯುತ್ತಿದ್ದ ಕಾಲ. ಗಿರಣಿಯ ಸೈರನ್ ಕೇಳಿ ನಮ್ಮ ಓಣಿಯ ಹೆಂಗಸರು ಒಲೆ ಹಚ್ಚುತ್ತಿದ್ದರು. ಕಾರ್ಮಿಕರ ನಾಯಕರಾದ ಪಂಪಾಪತಿಯವರನ್ನು ವಿಧಾನಸಭೆಗೆ ಆರಿಸಿ ಕಳಿಸಿದ ಊರಿದು, ಅಷ್ಟು ಗಟ್ಟಿ ಇತ್ತು ಗಿರಣಿಯವರ ಧ್ವನಿ. ನಾನು ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಓದುತ್ತಿದ್ದಾಗ ಒಂದು ದಿನ ಗೇಟಿಗೆ ನೋಟಿಸ್ ಅಂಟಿಸಿದರು. ಸ್ವಲ್ಪ ದಿನದ ಮಾತು, ಮತ್ತೆ ತೆರೆಯುತ್ತಾರೆ ಎಂದು ಅಪ್ಪ ಆರು ತಿಂಗಳು ಕಾದರು. ತೆರೆಯಲಿಲ್ಲ. ಅಮ್ಮ ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋದರು. ಅಪ್ಪ ಬೆಂಗಳೂರಿಗೆ ಹೋಗಿ, ಇನ್ನೂ ಏಳುತ್ತಿದ್ದ ಒಂದು ಕಟ್ಟಡಕ್ಕೆ ಕಾವಲುಗಾರರಾದರು. ಯಂತ್ರದ ಮುಂದೆ ನಿಂತು ಎಳೆ ಹರಿದ ಸದ್ದನ್ನು ಕಿವಿಯಲ್ಲೇ ಹಿಡಿಯುತ್ತಿದ್ದ ಮನುಷ್ಯ ಸಿಮೆಂಟ್ ಚೀಲ ಎಣಿಸುತ್ತ ರಾತ್ರಿ ಕಳೆದರು.

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕ್‌ನಲ್ಲಿ ಒಂದು ಹಿತ್ತಾಳೆಯ ಬಿಲ್ಲೆ ಸಿಕ್ಕಿತು. ಗಿರಣಿಯ ಒಳಗೆ ಹೋಗುವಾಗ ತೋರಿಸಬೇಕಿದ್ದ ಟೋಕನ್. ಮೇಲೆ ಒಂದು ನಂಬರ್ ಇದೆ, ಅಂಚು ಬೆರಳಿನ ಉಜ್ಜಿಗೆ ಸವೆದು ನುಣುಪಾಗಿದೆ. ಆ ನಂಬರ್ ಇದ್ದಷ್ಟು ದಿನ ಅಪ್ಪನ ಹೆಸರು ಮಸ್ಟರ್‌ನಲ್ಲಿ, ಅಂದರೆ ಕೆಲಸಗಾರರ ಹಾಜರಿ ಪಟ್ಟಿಯಲ್ಲಿ, ಇತ್ತು. ಹೆಸರು ಮಸ್ಟರ್‌ನಲ್ಲಿ ಇದ್ದುದರಿಂದ ಪಗಾರವಿತ್ತು, ಪಿ.ಎಫ್. ಇತ್ತು, ಬೋನಸ್‌ಗಾಗಿ ಜಗಳವಾಡುವ ಹಕ್ಕಿತ್ತು. ಬೆಂಗಳೂರಿನಲ್ಲಿ ಕಳೆದ ಹನ್ನೊಂದು ವರ್ಷಕ್ಕೆ ಅಂಥ ಒಂದು ಚೂರು ಗುರುತೂ ಟ್ರಂಕ್‌ನಲ್ಲಿ ಇರಲಿಲ್ಲ. ಇದ್ದದ್ದು ನಮಗೆ ಕಳಿಸಿದ ಮನಿಆರ್ಡರ್‌ಗಳ ರಸೀದಿ ಮಾತ್ರ. ಅವರು ಅಲ್ಲಿ ಹನ್ನೊಂದು ವರ್ಷ ದುಡಿದರು ಎನ್ನುವುದಕ್ಕೆ ನಾವು ಉಂಡ ಅನ್ನವೇ ಸಾಕ್ಷಿ.

ಗಿರಣಿಗಳು ನಿಂತ ಆ ವರ್ಷಗಳಲ್ಲಿ ದಾವಣಗೆರೆಯಿಂದ ಹೋದವರಿಗೂ ಇಂದು ಜಗಳೂರಿನ ಒಣಭೂಮಿಯಿಂದ ಹೋಗುವವರಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಜಿಲ್ಲೆಯ ಒಂದು ಭಾಗಕ್ಕೆ ಭದ್ರಾ ನಾಲೆಯ ನೀರಿದೆ, ಭತ್ತವಿದೆ, ಅಡಿಕೆ ತೋಟವಿದೆ. ನಮ್ಮ ಕಡೆ ಮಳೆಯೇ ಗತಿ. 57 ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ, ಅದಕ್ಕೆ 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿ, ಇವೆಲ್ಲ ತಮಗೆ ನನಗಿಂತ ಚೆನ್ನಾಗಿ ಗೊತ್ತು. ನೀರು ಬರಲಿ ಎಂದು ಎಲ್ಲರಂತೆ ನಾನೂ ಹಾರೈಸುತ್ತೇನೆ. ಆದರೆ ನೀರು ಬರುವ ತನಕ ಬಸ್ ಹತ್ತುವವರ ಗತಿಯೇನು ಎನ್ನುವುದು ನನ್ನ ಪ್ರಶ್ನೆ.

ಹೋಗುವುದನ್ನು ಕಣ್ಣಾರೆ ನೋಡಬೇಕು ಸಾರ್. ಊರ ಕ್ರಾಸ್‌ನಲ್ಲಿ ರಾತ್ರಿ ಎಂಟರ ಹೊತ್ತಿಗೆ ಗಂಟುಗಳು ಸಾಲಾಗಿ ಕೂತಿರುತ್ತವೆ. ರೇಷನ್ ಅಕ್ಕಿಯ ಚೀಲ, ಹಗ್ಗದಲ್ಲಿ ಬಿಗಿದ ಕುಕ್ಕರ್, ಕಂಬಳಿ, ಹಳೆಯ ಸೀರೆಯಲ್ಲಿ ಕಟ್ಟಿದ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ. ನಸುಕಿನಲ್ಲಿ ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಇಳಿದರೆ ಮೇಸ್ತ್ರಿ ಕಳಿಸಿದ ಗಾಡಿ ಬಂದಿರುತ್ತದೆ, ಬರದಿದ್ದರೆ ಫ್ಲೈಓವರ್ ಕೆಳಗೆ ಕಾಯಬೇಕು. ಒಮ್ಮೆ ಐದನೇ ತರಗತಿಯ ಒಬ್ಬ ಹುಡುಗಿ ಬಸ್ ಬರುವ ಮುನ್ನ ನಮ್ಮ ಮನೆಗೆ ಓಡಿ ಬಂದು ತನ್ನ ಕನ್ನಡ ಪುಸ್ತಕವನ್ನೂ ಜಾಮಿಟ್ರಿ ಬಾಕ್ಸನ್ನೂ ನನ್ನ ಕೈಗೆ ಕೊಟ್ಟಳು. "ಟೀಚರ್, ನೀವೇ ಇಟ್ಟುಕೊಂಡಿರಿ, ಅಲ್ಲಿ ಶೆಡ್ಡು ಸೋರುತ್ತದೆ" ಎಂದಳು. ಆ ಡಬ್ಬಿಯಲ್ಲಿ ಕೈವಾರ ಇರಲಿಲ್ಲ, ಒಂದು ಮೊಂಡು ಪೆನ್ಸಿಲ್, ಒಂದು ನವಿಲುಗರಿ ಇದ್ದವು. ಆ ಹುಡುಗಿ ಮರುವರ್ಷ ಆರನೇ ತರಗತಿಗೆ ಬರಲಿಲ್ಲ. ಡಬ್ಬಿ ಈಗಲೂ ನನ್ನ ಬಳಿ ಇದೆ.

ಇನ್ನು 2020. ನನ್ನ ಪತ್ರದ ತಿರುಳು ಇರುವುದೇ ಇಲ್ಲಿ.

ಆ ವರ್ಷದ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿತ್ತು. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಆರ್ಥಿಕತೆ ಹಿಂದಿನ ವರ್ಷದ ಅದೇ ಅವಧಿಗಿಂತ ಹೆಚ್ಚುಕಡಿಮೆ ಕಾಲು ಭಾಗ ಕುಗ್ಗಿತು. ಪತ್ರಿಕೆಯಲ್ಲಿ ಅದು ಒಂದು ಅಂಕಿ. ನಮ್ಮೂರಿನವರಿಗೆ ಅದು, ಬಟವಾಡೆ ಕೊಡದೆ ಫೋನ್ ಆಫ್ ಮಾಡಿಕೊಂಡ ಮೇಸ್ತ್ರಿ. ಮೇ ತಿಂಗಳ ಆರಂಭದಲ್ಲಿ ಬಸ್‌ಗಳು ಬಿಟ್ಟ ಮೇಲೆ ಜನ ಬಂದರು. ಶಾಲೆಯ ವರಾಂಡದಲ್ಲಿ ಮೇಜು ಹಾಕಿದರು. ಆಶಾ ಕಾರ್ಯಕರ್ತೆ ಜ್ವರ ನೋಡಿ ಕೈಗೆ ಮುದ್ರೆ ಒತ್ತುತ್ತಿದ್ದರು, ಪಂಚಾಯಿತಿಯವರು ನಿಂತಿರುತ್ತಿದ್ದರು, ಹೆಸರು ಬರೆಯಲು ಕೂರಿಸಿದ್ದು ನನ್ನನ್ನು. ಹೆಸರು, ವಯಸ್ಸು, ಎಲ್ಲಿಂದ ಬಂದಿರಿ, ಅಲ್ಲಿ ಏನು ಕೆಲಸ, ಯಾರ ಕೈಕೆಳಗೆ, ಜೊತೆಯಲ್ಲಿ ಎಷ್ಟು ಜನ, ಮೊಬೈಲ್ ಸಂಖ್ಯೆ. ನಾಲ್ಕು ದಿನ ಬರೆದೆ. ನನ್ನ ಮೊದಮೊದಲ ವರ್ಷಗಳ ವಿದ್ಯಾರ್ಥಿಗಳೇ ಗಡ್ಡ ಬಿಟ್ಟುಕೊಂಡು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತಿದ್ದರು. ಅವರಲ್ಲೊಬ್ಬ, "ಟೀಚರ್, ನೀವು ನನ್ನ ಹೆಸರು ಬರೆದು ಎಷ್ಟು ವರ್ಷವಾಯಿತು" ಎಂದ. ಆ ಹುಡುಗನಿಗೆ ಏನು ಉತ್ತರ ಕೊಡಬೇಕೋ ಆವತ್ತು ತೋಚಲಿಲ್ಲ. ಇಂದು ಈ ಪತ್ರ ಬರೆಯುವಾಗಲೂ ಆ ಮುಖ ಕಣ್ಣ ಮುಂದಿದೆ.

ಗಮನಿಸಿ ಸಾರ್. ನಮ್ಮೂರಿನಿಂದ ಗುಳೆ ಹೋದ ಪ್ರತಿಯೊಬ್ಬರ ಹೆಸರು, ಕೆಲಸ, ಮೇಸ್ತ್ರಿ, ಫೋನ್ ನಂಬರ್ ನಾಲ್ಕೇ ದಿನಗಳಲ್ಲಿ ಕಾಗದಕ್ಕೆ ಬಂದಿತ್ತು. ಆ ಕಾಗದ ಪ್ರತಿ ಸಂಜೆ ತಾಲ್ಲೂಕಿಗೆ ಹೋಗುತ್ತಿತ್ತು. ಅವರಿಂದ ನಮಗೆ ರೋಗ ತಗಲೀತು ಎಂಬ ಭಯವಿದ್ದಾಗ ಲೆಕ್ಕ ಹಿಡಿಯಲು ಸಿಬ್ಬಂದಿ ಸಿಕ್ಕರು, ಮೇಜು ಸಿಕ್ಕಿತು, ಕಾಗದ ಸಿಕ್ಕಿತು. ಅವರಿಗೆ ಏನಾದೀತು ಎಂದು ಚಿಂತಿಸಬೇಕಾದ ವರ್ಷಗಳಲ್ಲಿ ಆ ಮೇಜು ಎಲ್ಲೂ ಕಾಣುವುದಿಲ್ಲ. ನಾನು ಬರೆದ ಆ ಹಾಳೆಗಳು ಎಲ್ಲಿಗೆ ಹೋದವೋ ಮುಂದೆ ಯಾರೂ ಹೇಳಲಿಲ್ಲ. ಅದನ್ನು ಇಟ್ಟುಕೊಂಡು ಪ್ರತಿ ವರ್ಷ ತಿದ್ದುತ್ತ ಬಂದಿದ್ದರೆ ನಾನು ಕೇಳುತ್ತಿರುವ ಪುಸ್ತಕ ಅದೇ ಆಗಿರುತ್ತಿತ್ತು.

ಹೆಸರಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಮನೆಯ ಕಥೆ ಹೇಳುತ್ತೇನೆ. ನನ್ನ ಇಬ್ಬರು ವಿದ್ಯಾರ್ಥಿಗಳ ತಂದೆ ಸೆಂಟ್ರಿಂಗ್ ಕೆಲಸದವರು. ಬೆಂಗಳೂರಿನಲ್ಲಿ ಮೂರನೇ ಅಂತಸ್ತಿನಿಂದ ಬಿದ್ದು ತೀರಿಕೊಂಡರು. ಕಂಟ್ರಾಕ್ಟರ್, "ಈತ ನಮ್ಮ ಕಡೆಯವನಲ್ಲ, ಮೇಸ್ತ್ರಿಯನ್ನು ಕೇಳಿ" ಎಂದ. ಮೇಸ್ತ್ರಿ, "ಬಂದು ಎರಡೇ ದಿನವಾಗಿತ್ತು" ಎಂದ. ಎರಡು ದಿನ ಎನ್ನುವುದು ಶುದ್ಧ ಸುಳ್ಳು. ದೀಪಾವಳಿ ಕಳೆದ ಎರಡನೇ ಸೋಮವಾರದಿಂದ ಅವರ ಮಕ್ಕಳ ಹೆಸರಿನ ಮುಂದೆ ನಾನೇ 'ಗೈ' ಬರೆದಿದ್ದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಪಡೆಯಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಪತ್ರ ಬೇಕು. ವರ್ಷಕ್ಕೆ ಮೂರು ಮೇಸ್ತ್ರಿಗಳ ಕೈಕೆಳಗೆ ದುಡಿಯುವವನಿಗೆ ಯಾರು ಬರೆದುಕೊಡುತ್ತಾರೆ? ಅವರ ಬಳಿ ಕಾರ್ಡ್ ಇರಲಿಲ್ಲ. ಆ ತಾಯಿ ಒಂದು ಕಚೇರಿಗೆ ಹೋದಾಗ, ಅವನು ಅಲ್ಲಿ ಕೆಲಸ ಮಾಡುತ್ತಿದ್ದ ಎನ್ನುವುದಕ್ಕೆ ಏನು ದಾಖಲೆ ಇದೆ ಎಂದು ಕೇಳಿದರಂತೆ. ಬಂದು ನನ್ನನ್ನು ಕೇಳಿದರು: "ಟೀಚರ್, ನಿಮ್ಮ ಹಾಜರಿ ಪುಸ್ತಕ ತೋರಿಸಿದರೆ ಆಗುವುದಿಲ್ಲವೇ?" ಕೊಟ್ಟರೂ ಯಾರೂ ಒಪ್ಪುತ್ತಿರಲಿಲ್ಲ. ಮಗು ಶಾಲೆಗೆ ಬರಲಿಲ್ಲ ಎನ್ನುವುದು ಅಪ್ಪ ಎಲ್ಲಿ ದುಡಿಯುತ್ತಿದ್ದ ಎನ್ನುವುದಕ್ಕೆ ಪುರಾವೆಯಾಗುವುದಿಲ್ಲ.

ಕಾನೂನಿನ ಒಂದು ಮಾತನ್ನೂ ಹೇಳಬೇಕು. ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಬಂದ ಕಾಯ್ದೆ ಇದ್ದದ್ದು ರಾಜ್ಯದ ಗಡಿ ದಾಟಿದವರಿಗೆ. ಅದರ ಜಾಗಕ್ಕೆಂದು 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆಯೂ 'ಅಂತರರಾಜ್ಯ' ವಲಸೆ ಕಾರ್ಮಿಕರ ಮಾತನ್ನೇ ಆಡುತ್ತದೆ. ಜಗಳೂರಿನಿಂದ ಬೆಂಗಳೂರಿಗೆ ಹೋಗುವವನು ಗಡಿ ದಾಟುವುದಿಲ್ಲ. ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ತಗಡಿನ ಶೆಡ್‌ನಲ್ಲಿ ಹೆಂಡತಿ ಮಕ್ಕಳನ್ನು ಮಲಗಿಸಿದರೂ ಕಾನೂನಿನ ಕಣ್ಣಿಗೆ ಅವನು ವಲಸಿಗನೇ ಅಲ್ಲ. 2021ರ ಆಗಸ್ಟ್‌ನಲ್ಲಿ ಅಸಂಘಟಿತ ಕಾರ್ಮಿಕರಿಗೆಂದು ಶುರುವಾದ ಇ-ಶ್ರಮ್ ನೋಂದಣಿಯಲ್ಲಿ 12 ಅಂಕಿಯ ಸಂಖ್ಯೆ ಸಿಗುತ್ತದೆ, ಒಳ್ಳೆಯದೇ. ಆದರೆ ಈ ತಿಂಗಳು ಅವನು ಯಾವ ಕಟ್ಟಡದಲ್ಲಿದ್ದಾನೆ ಎನ್ನುವುದು ಆ ಸಂಖ್ಯೆಗೆ ತಿಳಿಯುವುದಿಲ್ಲ. 2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ಆಗಲಿಲ್ಲ. ಅದು ನಡೆದರೂ, ಹತ್ತು ವರ್ಷಕ್ಕೊಮ್ಮೆ ಬರುವ ಗಣತಿಗೆ ದೀಪಾವಳಿಗೆ ಹೋಗಿ ಯುಗಾದಿಗೆ ಬರುವವರು ಸಿಗುವುದು ಕಷ್ಟ.

ಉದ್ಯೋಗ ಖಾತರಿ ಇರುವಾಗ ಯಾಕೆ ಹೋಗುತ್ತಾರೆ ಎಂದು ಹಲವರು ಕೇಳುತ್ತಾರೆ. ಈ ಪ್ರಶ್ನೆ ನನಗೆ ನೋವುಂಟುಮಾಡುತ್ತದೆ. 2024-25ರಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು, ವರ್ಷಕ್ಕೆ 100 ದಿನ, ಅದೂ ಇಡೀ ಮನೆಗೆ ಸೇರಿ. ಉಳಿದ ದಿನಗಳಿಗೆ ಏನು ಮಾಡಬೇಕು? ಮಗಳ ಮದುವೆಗೆ, ಕೊಳವೆಬಾವಿ ಬತ್ತಿದ ಸಾಲಕ್ಕೆ ಕೂಡಿಸಿಕೊಳ್ಳಬೇಕಾದವರು ಹೋಗಿಯೇ ಹೋಗುತ್ತಾರೆ. ಹೋಗುವುದು ತಪ್ಪೂ ಅಲ್ಲ. ಈ ದೇಶದಲ್ಲಿ ಎಲ್ಲಿಗೆ ಬೇಕಾದರೂ ಹೋಗಿ ಇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ.

ಆದ್ದರಿಂದಲೇ ನಾನು ಕೇಳುವ ಪುಸ್ತಕ ಯಾರನ್ನೂ ತಡೆಯುವ ಪುಸ್ತಕ ಆಗಬಾರದು. ಇದನ್ನು ಒತ್ತಿ ಹೇಳಲು ಕಾರಣವಿದೆ. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದಲ್ಲಿ ದುಡಿಯುವವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಲಕ್ಷಾಂತರ ಜನ ಕೆಲಸ ಹುಡುಕಿಕೊಂಡು ಬೇರೆ ಊರುಗಳತ್ತ ಹೊರಟರು. ಆದರೆ ಅಲ್ಲಿನ ಪರಿಹಾರ ಸಿಗುತ್ತಿದ್ದುದು ಆ ಊರಲ್ಲೇ ಇಷ್ಟು ಕಾಲ ವಾಸವಿದ್ದವರಿಗೆ ಎಂಬ ನಿಯಮದಿಂದ, ಹೊರಗಿನಿಂದ ಬಂದವರು ಎಲ್ಲಿಯೂ ಸಲ್ಲದವರಾದರು. 1933ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಇಂಥ ಅಲೆಮಾರಿ ನಿರುದ್ಯೋಗಿಗಳಿಗಾಗಿಯೇ ಒಂದು ಕಾರ್ಯಕ್ರಮ ತೆರೆದು, ಹೆಸರು ಬರೆದುಕೊಂಡು, ಊಟ ವಸತಿ ಕೊಟ್ಟಿತು. ಎರಡೇ ವರ್ಷಕ್ಕೆ ಅದನ್ನು ಮುಚ್ಚತೊಡಗಿದರು. 1936ರಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸರು ರಾಜ್ಯದ ಗಡಿಗೇ ಹೋಗಿ ನಿಂತು, ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕೆ ಅಟ್ಟಿದರು. ಬಡವ ಎಂಬ ಕಾರಣಕ್ಕೆ ಗಡಿಯಲ್ಲಿ ತಡೆಯುವ ಹಾಗಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1941ರಲ್ಲಿ. ಅಷ್ಟು ದೂರ ಯಾಕೆ, 2020ರ ಮೇ ತಿಂಗಳಲ್ಲಿ ಕಟ್ಟಡ ನಿರ್ಮಾಣಗಾರರ ಜೊತೆ ಸಭೆಯಾದ ಬೆನ್ನಲ್ಲೇ ನಮ್ಮ ರಾಜ್ಯವೂ ಹೊರ ರಾಜ್ಯದ ಕಾರ್ಮಿಕರನ್ನು ಅವರ ಊರಿಗೆ ಒಯ್ಯುವ ರೈಲುಗಳು ಬೇಡ ಎಂದಿತ್ತು, ಜನ ಛೀಮಾರಿ ಹಾಕಿದ ಮೇಲೆ ನಿರ್ಧಾರ ಬದಲಾಯಿತು. ಹೆಸರು ಬರೆದುಕೊಳ್ಳುವ ಕೈಯೇ ತಡೆಯುವ ಕೈಯೂ ಆಗಬಹುದು ಎಂದು ನನಗೆ ಗೊತ್ತಿದೆ. ಅನುಮತಿ, ಪಾಸು, ಹೊಣೆಪತ್ರ ಯಾವುದನ್ನೂ ಕೇಳದ ಪುಸ್ತಕ ಅದಾಗಬೇಕು.

ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಗುಳೆ ಪುಸ್ತಕ ಇರಲಿ. ಗಣೇಶನ ಹಬ್ಬದಿಂದ ಯುಗಾದಿಯ ತನಕ, ಹೋಗುವವರ ಹೆಸರನ್ನು ಇಷ್ಟಪಟ್ಟವರಿಂದ ಬರೆಸಿಕೊಳ್ಳಲಿ. ಎಲ್ಲಿಗೆ, ಯಾವ ಕೆಲಸಕ್ಕೆ, ಕರೆದೊಯ್ಯುವ ಮೇಸ್ತ್ರಿಯ ಹೆಸರು ಮತ್ತು ಫೋನ್, ಪಡೆದ ಮುಂಗಡ, ಜೊತೆಗೆ ಹೋಗುವ ಮಕ್ಕಳು. ಬರೆಸಿದವರ ಕೈಗೆ ಮುದ್ರೆ ಹಾಕಿದ ಒಂದು ಚೀಟಿ ಬರಲಿ. ಮೇಸ್ತ್ರಿಯ ಹೆಸರು ಸರ್ಕಾರದ ಪುಸ್ತಕದಲ್ಲಿದೆ ಎಂದು ಗೊತ್ತಾದ ದಿನವೇ ಅವನು ಬಟವಾಡೆ ತಡೆಯುವ ಮುನ್ನ ಎರಡು ಸಲ ಯೋಚಿಸುತ್ತಾನೆ. ಪಟ್ಟಿಯ ಪ್ರತಿ ಬೆಂಗಳೂರಿನ ಕಾರ್ಮಿಕ ಇಲಾಖೆಗೆ ಹೋಗಲಿ. ಮಕ್ಕಳ ಪಟ್ಟಿ ಅಲ್ಲಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಹೋಗಲಿ. ವರ್ಗಾವಣೆ ಪತ್ರ ತಡವಾಯಿತೆಂದು ಮಗುವಿಗೆ ಪ್ರವೇಶ ನಿರಾಕರಿಸುವ ಹಾಗಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿರುವಾಗ, ಆ ಮಗು ಬಂದಿದೆ ಎಂದು ಅಲ್ಲಿನವರಿಗೆ ತಿಳಿಸುವ ಕೆಲಸವಷ್ಟೇ ಉಳಿದಿರುವುದು. ಇದಕ್ಕೆ ಹೊಸ ಹುದ್ದೆ ಬೇಡ, ಹೊಸ ಕಟ್ಟಡ ಬೇಡ. ತಾವು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರ ಜೊತೆ ಕೂತು ಒಂದು ಸುತ್ತೋಲೆ ಹೊರಡಿಸಿದರೆ ಜಗಳೂರು ತಾಲ್ಲೂಕಿನಲ್ಲಿ ಈ ವರ್ಷವೇ ಶುರು ಮಾಡಬಹುದು.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ (ಪಿಡಿಒ) ಮೇಲೆ ಈಗಾಗಲೇ ಕೆಲಸದ ಹೊರೆ ಹೆಚ್ಚಿದೆ ಎಂದು ಯಾರಾದರೂ ಹೇಳಿದರೆ, ಆ ಮಾತು ನಿಜ. ಪ್ರತಿ ಊರಿನಲ್ಲೂ ನನ್ನಂಥ ನಿವೃತ್ತರು ಇದ್ದಾರೆ. ಬರೆಯಲು ನಾವು ಬರುತ್ತೇವೆ. ನಮಗೆ ಸಂಭಾವನೆ ಬೇಡ. ಒಂದು ಮೇಜು ಕೊಡಿ, ಪಂಚಾಯಿತಿಯ ಮುದ್ರೆ ಇರುವ ಒಂದು ಪುಸ್ತಕ ಕೊಡಿ.

ನನ್ನ ನೋಟ್‌ಬುಕ್‌ನಲ್ಲಿ ಈ ಸಲ ಹೋಗಿರುವ 19 ಮನೆಗಳ ಹೆಸರು ಬರೆದಿದ್ದೇನೆ. ಈಗ ಶಾಲೆಗೆ ಹೋಗುವವಳಲ್ಲ, ಓಣಿ ಓಣಿ ತಿರುಗಿ ಜಗುಲಿಯ ಮೇಲಿನ ಮುದುಕಿಯರನ್ನು ಕೇಳಿ ಬರೆದದ್ದು. ಆರು ಮನೆಗಳ ಮೇಸ್ತ್ರಿಯ ಫೋನ್ ನಂಬರ್ ಸಿಕ್ಕಿದೆ, ಉಳಿದವರದು ಸಿಕ್ಕಿಲ್ಲ. ಮುಂದಿನ ಸೋಮವಾರ ಬೆಳಗಿನ ಬಸ್‌ಗೆ ಹೊರಟು ಹನ್ನೊಂದು ಗಂಟೆಗೆ ತಮ್ಮ ಕಚೇರಿಗೆ ಬರುತ್ತೇನೆ. ಪಟ್ಟಿಯ ಎರಡು ಪ್ರತಿ ತರುತ್ತೇನೆ. ಒಂದನ್ನು ತಾವು ಇಟ್ಟುಕೊಂಡು, ಇನ್ನೊಂದರ ಮೇಲೆ ಸ್ವೀಕರಿಸಿದ್ದಕ್ಕೆ ಮುದ್ರೆ ಹಾಕಿಸಿಕೊಡಬೇಕೆಂದು ಕೋರುತ್ತೇನೆ. ಆ ಪ್ರತಿಯನ್ನು 19 ಮನೆಯವರಿಗೂ ತೋರಿಸಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ